ಚುಚ್ಚುವ ಕಂಬಳಿ

ನವೆಂಬರ್ 3, ಸೋಮವಾರ

ಮತ್ತೊಂದು ಅಪ್ಪುಗೆ. ಪತ್ರಿಕೆಯ ಮುಖಪುಟದಲ್ಲಿ ಅರ್ಧ ಪುಟ. ವಿಮಾನದ ಮೆಟ್ಟಿಲ ಬುಡದಲ್ಲಿ ನಮ್ಮ ಪ್ರಧಾನಿ ಆ ದೇಶದ ಅಧ್ಯಕ್ಷರನ್ನು ತಬ್ಬಿಕೊಂಡು ನಿಂತಿದ್ದಾರೆ. ಇಬ್ಬರ ಕಣ್ಣೂ ಕ್ಯಾಮೆರಾದ ಮೇಲೆ.

ನಿಜವಾದ ಸುದ್ದಿ ಇರುವುದು ಹನ್ನೊಂದನೆಯ ಪುಟದಲ್ಲಿ, ಬೆರಳಗಲದಷ್ಟು. ಸ್ನೇಹದ ಕುರುಹಾಗಿ ಆ ದೇಶದ ಉಣ್ಣೆ, ಉಣ್ಣೆಬಟ್ಟೆ, ಕಂಬಳಿ ಎಲ್ಲದರ ಆಮದು ಸುಂಕ ರದ್ದು. ಆದೇಶ ಹೊರಟೂ ಆಗಿದೆ. ಸಂಸತ್ತಿನ ಅಧಿವೇಶನಕ್ಕೆ ಇನ್ನೂ ನಾಲ್ಕು ವಾರವಿದೆ. ಅಷ್ಟು ಕಾಯಲು ಸ್ನೇಹಕ್ಕೆ ತಾಳ್ಮೆ ಇರಲಿಲ್ಲವಂತೆ. ಆ ದೇಶದ ಹೆಸರನ್ನು ನನ್ನ ದಿನಚರಿಯಲ್ಲಿ ಬರೆಯುವುದಿಲ್ಲ. ಅದರ ಜನರ ಮೇಲೆ ನನಗೆ ಸಿಟ್ಟಿಲ್ಲ. ಅವರಲ್ಲೂ ಕುರಿ ಕಾಯುವವರು ಇರುತ್ತಾರೆ, ಅವರನ್ನೂ ಯಾರೂ ಕೇಳಿರುವುದಿಲ್ಲ.

ನನಗೆ ಮರೆವು ಬರುವುದಿಲ್ಲ, ಅದೇ ನನ್ನ ರೋಗ. ಅಣ್ಣತಮ್ಮ ಎಂದು ಕೂಗಿದ್ದ ಸ್ನೇಹ ಅರವತ್ತೆರಡರಲ್ಲಿ ಮುರಿದು ಬಿದ್ದಾಗ ನನಗೆ ಹತ್ತು ವರ್ಷ. ಗಡಿಯಲ್ಲಿ ಸೈನಿಕರಿಗೆ ಚಳಿ, ಮನೆಯಿಂದ ಕಂಬಳಿ ತನ್ನಿ ಎಂದು ಹೆಡ್‌ಮಾಸ್ತರರು ಹೇಳಿದರು. ಅವ್ವ ತಾನು ಹೊದೆಯುತ್ತಿದ್ದ ಕಂಬಳಿಯನ್ನೇ ಮಡಿಸಿ ನನ್ನ ತಲೆಯ ಮೇಲಿಟ್ಟಳು. ಬಾಗೂರಿನ ಓಣಿಯಲ್ಲಿ ಅದನ್ನು ಹೊತ್ತುಕೊಂಡು ಶಾಲೆಗೆ ಹೋದೆ. ಆ ಚಳಿಗಾಲ ಅವ್ವ ಗೋಣಿಚೀಲ ಹೊದ್ದಳು. ದೆಹಲಿಯಲ್ಲಿ ತಬ್ಬಿಕೊಳ್ಳುವವರು ಬೇರೆ, ಆಮೇಲೆ ನಡುಗುವವರು ಬೇರೆ ಎಂದು ನನಗೆ ಅಂದೇ ತಿಳಿಯಿತು. ಆಮೇಲೆ ಎಪ್ಪತ್ತೈದು. ತುರ್ತುಪರಿಸ್ಥಿತಿಗೆ ಮಧ್ಯರಾತ್ರಿ ಸಹಿ ಬಿತ್ತು, ಮಂತ್ರಿಗಳಿಗೆ ತಿಳಿದದ್ದು ಬೆಳಿಗ್ಗೆ. ಪಕ್ಷ ಯಾವುದಾದರೇನು, ಒಬ್ಬರೇ ಕೂತು ಸಹಿ ಹಾಕುವ ರುಚಿ ಒಮ್ಮೆ ಹತ್ತಿದರೆ ಬಿಡುವುದಿಲ್ಲ.

ನಮ್ಮದು ಹನ್ನೊಂದು ಮನೆ, ಹನ್ನೊಂದು ಮಗ್ಗದ ಕಂಬಳಿ ಸಂಘ, ನಾನು ಅಧ್ಯಕ್ಷ. ಒಂದು ಲಾಳಿ ಕೊಳ್ಳಬೇಕಾದರೂ ತೊಲೆಯ ಮೇಲಿನ ಹಳೆಯ ಕಂಬಳಿ ಇಳಿಸಿ ಹಾಸುತ್ತೇವೆ. ಮನೆಗೊಬ್ಬರು ಬಂದು ಕೂರಬೇಕು. ಕೊನೆಯವರು ಬರುವವರೆಗೆ ಯಾರೂ ಬಾಯಿ ಬಿಡುವ ಹಾಗಿಲ್ಲ. ತಪ್ಪು ಮಾಡಿದವನು ಕಂಬಳಿ ಬಿಟ್ಟು ಬರಿ ನೆಲದ ಮೇಲೆ ಕೂರಬೇಕು. ಕಂಬಳಿಯ ಮೇಲೆ ಆದ ಮಾತು ಮುರಿಯುವುದಿಲ್ಲ. ಓದು ಬರಹ ಇಲ್ಲದ ಕುರುಬರು ಕಂಡುಕೊಂಡ ಈ ಮರ್ಯಾದೆ ನೂರನಲವತ್ತು ಕೋಟಿ ಜನರ ದೇಶಕ್ಕೆ ಇಲ್ಲವಾಯಿತೇ?

ನವೆಂಬರ್ 4, ಮಂಗಳವಾರ

ಎಂದಿನಂತೆ ಬೆಳಿಗ್ಗೆ ಏಳಕ್ಕೆ ಪಾಪಣ್ಣ ಚಹಾಕ್ಕೆ ಬಂದ. ಒಂದನೇ ಕ್ಲಾಸಿನಿಂದ ಜೊತೆಗಿದ್ದವನು. ನಾನು ಓದಿ ಮೇಷ್ಟ್ರಾದೆ, ಅವನು ಕುರಿಯ ಹಿಂದೆ ಹೋದ. ಸಂಘಕ್ಕೆ ಉಣ್ಣೆ ಅವನ ಹಟ್ಟಿಯದೇ. ಅದನ್ನು ನೂಲುವವಳು ಅವನ ಅಕ್ಕ ಮುದ್ದಕ್ಕ. ಅವಳ ನೂಲು ಕೈಗೆ ಬಂದರೆ ಮಗ್ಗ ತಾನೇ ಓಡುತ್ತದೆ ಎಂದು ನಮ್ಮ ಕಾರ್ಯದರ್ಶಿ ಬೀರೇಶ್ ಹೇಳುತ್ತಿರುತ್ತಾನೆ.

ಸುದ್ದಿ ಓದಿ ಹೇಳಿದೆ. ಪಾಪಣ್ಣ ಲೋಟ ಊದುತ್ತಾ ಕೇಳಿದ.

“ನಮ್ ಕುರಿಗೆ ಗೊತ್ತಾಗಂಗಿಲ್ಲ ಬಿಡಲೇ ಮೂರ್ತಿ, ಅವು ಪೇಪರ್ ಓದಲ್ಲ.”

ನಗು ಬರಲಿಲ್ಲ. ಅವನಿಗೂ ಬರಲಿಲ್ಲ. ದಾವಣಗೆರೆಯಿಂದ ಬಂದು ಕಂಬಳಿ ಒಯ್ಯುವವರು ಈ ವಾರ ಬರುವುದಿಲ್ಲ ಎಂದು ಫೋನ್ ಮಾಡಿದ್ದರಂತೆ. ಬರುವ ವಾರವೂ ಅನುಮಾನವಂತೆ. ಹನ್ನೊಂದು ಮಗ್ಗ ನಿಂತರೆ ಮತ್ತೆ ಹೂಡುವವರಿಲ್ಲ. ಮಗ್ಗದ ಗುಂಡಿಗೆ ಮಣ್ಣು ತುಂಬಿ ಟಿವಿ ಸ್ಟ್ಯಾಂಡ್ ಇಟ್ಟುಕೊಂಡ ಮನೆಗಳು ಊರಲ್ಲಿ ಆಗಲೇ ಇವೆ.

ನವೆಂಬರ್ 7, ಶುಕ್ರವಾರ

ಇಂದಿನ ದಿನವನ್ನು ವಿವರವಾಗಿ ಬರೆದಿಡಬೇಕು.

ಹನ್ನೊಂದು ಗಂಟೆಗೆ ಸಂಘದ ಮುಂದೆ ಬಿಳಿ ಜೀಪು ನಿಂತಿತು. ಇಳಿದವರು ಗುರುರಾಜ್ ಎಂಬ ಅಧಿಕಾರಿ. ವಿನಯದ ಮನುಷ್ಯ, ಕೈಯಲ್ಲಿ ಫೈಲು. ತಿಂಗಳ ಕೊನೆಗೆ ಪ್ರಧಾನಿ ಆ ದೇಶಕ್ಕೆ ಮರುಭೇಟಿಗೆ ಹೋಗುತ್ತಾರಂತೆ. ಅಲ್ಲಿನ ಅಧ್ಯಕ್ಷರಿಗೆ ಕೊಡುವ ಉಡುಗೊರೆಗಳಲ್ಲಿ ದಖ್ಖನ್ ಕುರಿಯ ಕರಿಕಂಬಳಿಯೂ ಒಂದಂತೆ. ಬಾಗೂರಿನ ಸಂಘವನ್ನು ಆರಿಸಿದ್ದಾರಂತೆ. ಹದಿನೈದು ದಿನದೊಳಗೆ ಆಗಬೇಕಂತೆ.

ಯಾವ ದೇಶದ ಕಂಬಳಿಗೆ ಬಾಗಿಲು ತೆರೆದು ನಮ್ಮ ಮಗ್ಗ ನಿಲ್ಲಿಸುತ್ತಿದ್ದಾರೋ ಅದೇ ದೇಶದ ದೊರೆಗೆ ನಮ್ಮ ಕೈಯಿಂದಲೇ ಕಂಬಳಿ! ಕುರಿಯನ್ನು ಕಡಿಯುವ ಮುಂಚೆ ಅದರ ತುಪ್ಪಟ ಕೇಳಿದ ಹಾಗೆ.

ಗುರುರಾಜ್ ಅವಸರವೇನಿಲ್ಲ, ಸೋಮವಾರ ತಿಳಿಸಿ, ಎಲ್ಲರನ್ನೂ ಕೇಳಿ ಎಂದರು. ಕೇಳುವುದೇನಿದೆ? ಇಂಥ ಮಾತಿಗೆ ಯಾರಾದರೂ ಹೂಂ ಎನ್ನುತ್ತಾರೆಯೇ? ಸಂಘದ ಲೆಟರ್‌ಹೆಡ್ ತೆಗೆದು ಅವರ ಕಣ್ಣೆದುರೇ ಬರೆದೆ. ಒಂದು ಪ್ರತಿ ಇಟ್ಟುಕೊಂಡಿದ್ದೇನೆ:

“ತಮ್ಮ ಸ್ನೇಹಕ್ಕೆ ನಮ್ಮ ಮೈಯನ್ನು ಒಮ್ಮೆ ಬತ್ತಲು ಮಾಡಿದ್ದೀರಿ. ಅದೇ ಸ್ನೇಹಕ್ಕೆ ಹೊದಿಕೆಯನ್ನೂ ನಾವೇ ಕೊಡಲಾರೆವು. ಬಾಗೂರಿನ ನೇಕಾರರು ಈ ಗೌರವವನ್ನು ತಿರಸ್ಕರಿಸುತ್ತಾರೆ. ಮೂರ್ತಪ್ಪ, ಅಧ್ಯಕ್ಷ.”

ಮುದ್ರೆ ಒತ್ತಿದೆ. ಗುರುರಾಜ್ ಎರಡು ಸಲ ಓದಿದರು, ನನ್ನ ಮುಖ ನೋಡಿದರು, ಫೈಲಿಗೆ ಸೇರಿಸಿದರು. ಬೀರೇಶ್ ಆಗ ಹೊಸದುರ್ಗಕ್ಕೆ ಹೋಗಿದ್ದ. ಸಂಘದಲ್ಲಿ ನಾನೊಬ್ಬನೇ ಇದ್ದೆ. ಎಪ್ಪತ್ತಮೂರು ವರ್ಷದಲ್ಲಿ ಇಷ್ಟು ಹಗುರವಾಗಿ ಮನೆಗೆ ನಡೆದದ್ದು ನೆನಪಿಲ್ಲ. ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸಿದೆ.

ನವೆಂಬರ್ 8, ಶನಿವಾರ

ಪಾಪಣ್ಣ ಬಂದ, ಚಹಾ ಮುಟ್ಟಲಿಲ್ಲ. ಓಣಿಯಲ್ಲಿ ಸುದ್ದಿ ಹರಡಿದೆ. ಬೇಡ ಅಂದೆಯಂತೆ ಹೌದೇ ಎಂದು ಕೇಳಿದ. ಹೌದು ಎಂದೆ. ಪತ್ರದ ಪ್ರತಿಯನ್ನು ಗಟ್ಟಿಯಾಗಿ ಓದಿದೆ. ಹೊಗಳುತ್ತಾನೆ ಎಂದುಕೊಂಡಿದ್ದೆ.

“ಯಾವಾಗ ಕಂಬಳಿ ಹಾಸಿದ್ದು?” ಎಂದ.

ಪರಿಸ್ಥಿತಿಯನ್ನು ವಿವರಿಸಿದೆ. ಅರವತ್ತೆರಡರಿಂದ ಶುರುಮಾಡಿ ಎಲ್ಲ ಹೇಳಿದೆ. ದೊಡ್ಡ ಅನ್ಯಾಯದ ಎದುರು ಸಣ್ಣ ಪದ್ಧತಿಗಳನ್ನು ಹಿಡಿದು ಕೂರಬಾರದು ಎಂದೆ. ಅವನು ಪೂರ್ತಿ ಕೇಳಿಸಿಕೊಂಡ. ಅವನಿಗೆ ಆ ತಾಳ್ಮೆ ಕುರಿಗಳಿಂದ ಬಂದದ್ದು. ಕೊನೆಗೆ ಎದ್ದು ಟವೆಲು ಹೆಗಲಿಗೆ ಹಾಕಿಕೊಂಡು, “ಆಯ್ತು ಬಿಡ್ರಿ, ಅಧ್ಯಕ್ಷರೆ” ಎಂದು ಹೋದ.

ಅಧ್ಯಕ್ಷರೆ! ಅರವತ್ತೇಳು ವರ್ಷದ ಸ್ನೇಹದಲ್ಲಿ ಅವನು ನನಗೆ ಬಹುವಚನ ಹಾಕಿದ್ದು ಇದೇ ಮೊದಲು. ಒಳ್ಳೆಯ ಕೆಲಸಕ್ಕೆ ಸಿಗುವ ಸಂಬಳ ಇದು. ಜನರಿಗಾಗಿ ನಿಂತರೆ ಜನರೇ ಬೆನ್ನು ತಿರುಗಿಸುತ್ತಾರೆ.

ನವೆಂಬರ್ 10, ಸೋಮವಾರ

ಪಾಪಣ್ಣ ಬರಲಿಲ್ಲ. ಕುರಿ ಮೇಯಿಸಲು ಜೋಗಿಮಟ್ಟಿ ಗುಡ್ಡದ ಕಡೆ ಹೋಗಿರಬೇಕು ಎಂದೆ. “ಕುರಿ ಹಟ್ಟಿಯಾಗೇ ಅವೆ, ಈಗ ನೋಡ್ಕಂಡು ಬಂದೆ” ಎಂದಳು ಶಾಂತಕ್ಕ. ಹೆಂಡತಿಯಾದವಳು ಕೆಲವು ವಿಷಯಗಳನ್ನು ನೋಡದೇ ಇರಬಹುದು.

ನವೆಂಬರ್ 13, ಗುರುವಾರ

ನನ್ನ ಪತ್ರ ವಾಚಕರ ವಾಣಿಯಲ್ಲಿ ಬಂದಿದೆ. ಒಂದು ಸಾಲನ್ನೂ ಕತ್ತರಿಸಿಲ್ಲ. ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನಿವೃತ್ತ ತಹಶೀಲ್ದಾರರು ಕೈ ಕುಲುಕಿದರು. ಹೊಳಲ್ಕೆರೆಯಿಂದ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, ನಿಮ್ಮಂಥವರು ದೇಶಕ್ಕೆ ಬೇಕು ಸಾರ್ ಎಂದ. ಊರೊಳಗೆ ಮಾತ್ರ ಒಬ್ಬರೂ ತುಟಿ ಬಿಚ್ಚಿಲ್ಲ. ಪತ್ರಿಕೆಯನ್ನು ಬೇಕೆಂದೇ ಸಂಘದ ಬೆಂಚಿನ ಮೇಲೆ ಬಿಟ್ಟು ಬಂದೆ. ಸಂಜೆ ಹೋದಾಗ ಅದರ ಮೇಲೆ ಯಾರೋ ಹುಣಸೆಬೀಜ ಒಣಹಾಕಿದ್ದರು.

ಪ್ರಧಾನಿಯ ಸಂದರ್ಶನವೂ ಇವತ್ತೇ ಬಂದಿದೆ. “ದೇಶದ ಹಿತಕ್ಕಾಗಿ ಕೆಲವು ನಿರ್ಧಾರಗಳನ್ನು ಒಬ್ಬನೇ ಹೊರಬೇಕಾಗುತ್ತದೆ” ಎಂದಿದ್ದಾರೆ. ಏನು ಅಹಂಕಾರ! ಒಬ್ಬನೇ ಹೊರು ಎಂದು ಇವರಿಗೆ ಹೇಳಿದ್ದು ಯಾರು? ಒಬ್ಬನೇ ನಿರ್ಧರಿಸುವವನಿಗೆ ಹೊಗಳುವವರು ದೂರದಲ್ಲಿ ಸಿಗುತ್ತಾರೆ, ಗೆಳೆಯರು ಹತ್ತಿರದಲ್ಲಿ ಉಳಿಯುವುದಿಲ್ಲ. ಈ ಮಾತನ್ನು ಕೆಂಪು ಶಾಯಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ.

ಊಟಕ್ಕೆ ಕೂತಾಗ ಶಾಂತಕ್ಕ ಹೇಳಿದಳು, ಜೀಪು ಬಂದ ದಿನವೇ ಡ್ರೈವರನ ಬಾಯಿಂದ ವಿಷಯ ತಿಳಿದು ಮುದ್ದಕ್ಕ ಕರಿಮರಿಗಳ ಮೊದಲ ಉಣ್ಣೆ ಬೇರೆ ಮಾಡಿ ನೂಲಲು ಕೂತಿದ್ದಳಂತೆ. ಅದಕ್ಕಿಂತ ಕರಿ ಉಣ್ಣೆ ಇಲ್ಲ. ಎರಡನೆಯ ಸಲ ಕತ್ತರಿಸುವಾಗ ಕಂದು ತಿರುಗಿರುತ್ತದೆ. ಕೇಳದೆ ಯಾಕೆ ಶುರುಮಾಡಬೇಕಿತ್ತು ಎಂದೆ.

“ಹೌದೌದು, ಕೇಳ್ದಂಗೆ ಮಾಡಬಾರ್ದು” ಎಂದಳು ಶಾಂತಕ್ಕ, ಸಾರು ಬಡಿಸುತ್ತಾ. ಆಮೇಲೆ, “ನಿಮಗೂ ಆ ದೆಹಲಿಯೋರಿಗೂ ಏನ್ ವ್ಯತ್ಯಾಸ? ಅವ್ರಿಗೆ ವಿಮಾನ ಐತೆ.”

ಇವಳು ರಾಜ್ಯಶಾಸ್ತ್ರ ಓದಿದವಳಲ್ಲ.

ನವೆಂಬರ್ 16, ಭಾನುವಾರ

ಬೀರೇಶ್ ಬಂದು ಬಾಗಿಲಲ್ಲೇ ನಿಂತ. ಸಂಜೆ ಕಂಬಳಿ ಹಾಸುತ್ತಾರಂತೆ. ನಾನೂ ಬರಬೇಕಂತೆ. ಎಲ್ಲಿ ಕೂರಬೇಕು ಎಂದು ಕೇಳಿದೆ. ಅವನು ಚಪ್ಪಲಿ ನೋಡಿಕೊಂಡ. “ನೆಲದ ಮೇಲೆ, ಮೇಷ್ಟ್ರೇ” ಎಂದ.

ಇಪ್ಪತ್ತೆರಡು ವರ್ಷ ಅಧ್ಯಕ್ಷನಾಗಿದ್ದವನು ನೆಲದ ಮೇಲೆ! ಅದೂ ಅನ್ಯಾಯದ ವಿರುದ್ಧ ಬರೆದದ್ದಕ್ಕೆ! ಮಂಡಿನೋವು, ಬರುವುದಿಲ್ಲ ಎಂದು ಹೇಳಿ ಕಳಿಸಿದೆ. ಆಮೇಲೆ ಬೀರು ತೆಗೆದು ಸಂಘದ ಉಪನಿಯಮ ಹುಡುಕಿದೆ. ಹದಿನಾಲ್ಕನೆಯ ನಿಯಮ ಸ್ಪಷ್ಟವಾಗಿದೆ: “ತುರ್ತು ಸಂದರ್ಭದಲ್ಲಿ ಅಧ್ಯಕ್ಷರು ಸಂಘದ ಪರವಾಗಿ ನಿರ್ಧಾರ ಕೈಗೊಂಡು, ನಂತರ ಸದಸ್ಯರ ಗಮನಕ್ಕೆ ತರಬಹುದು.” ತುರ್ತು ಹೌದೋ ಅಲ್ಲವೋ ತೀರ್ಮಾನಿಸುವವರು ಯಾರು? ಅಧ್ಯಕ್ಷರೇ. ನಾನು ಮಾಡಿದ್ದರಲ್ಲಿ ಕಾನೂನಿನ ತಪ್ಪು ಒಂದಿಷ್ಟೂ ಇಲ್ಲ. ಈ ನಿಯಮ ಬರೆದದ್ದೂ ನಾನೇ. ಒಂದು ಅಕ್ಷರವೂ ಹೆಚ್ಚುಕಡಿಮೆ ಆಗಿರಲಾರದು.

ನಾನಿಲ್ಲದೆ ಅವರು ಮಾತಾಡಲಿಲ್ಲವಂತೆ. ಕೊನೆಯವನು ಬರುವವರೆಗೆ ಮಾತಿಲ್ಲ ಎಂಬುದು ಪದ್ಧತಿ ತಾನೇ. ದೀಪ ಹಚ್ಚುವ ಹೊತ್ತಿನವರೆಗೆ ಹತ್ತು ಮನೆಯವರು ಸುಮ್ಮನೆ ಕೂತಿದ್ದು ಕಂಬಳಿ ಮಡಿಸಿದರಂತೆ.

ನವೆಂಬರ್ 17, ಸೋಮವಾರ

ಶಾಂತಕ್ಕ ಇವತ್ತೂ ಎರಡು ಲೋಟ ಚಹಾ ಮಾಡಿದಳು. ಎರಡನೆಯದನ್ನೂ ನಾನೇ ಕುಡಿದೆ.

ನವೆಂಬರ್ 26, ಬುಧವಾರ

ಪತ್ರಿಕೆಯನ್ನು ಎರಡು ಸಲ ನೆಲಕ್ಕೆ ಎಸೆದು ಎರಡು ಸಲ ಎತ್ತಿಕೊಂಡೆ.

ಇವತ್ತಿನ ಪತ್ರಿಕೆಯ ಮುಖಪುಟ. ಆ ದೇಶದ ಅರಮನೆಯಂಥ ಭವನದಲ್ಲಿ ನಮ್ಮ ಪ್ರಧಾನಿ ಅಲ್ಲಿನ ಅಧ್ಯಕ್ಷರ ಹೆಗಲಿಗೆ ಕರಿಕಂಬಳಿ ಹೊದಿಸುತ್ತಿದ್ದಾರೆ. ಅಡಿಬರಹ: “ಮಧ್ಯ ಕರ್ನಾಟಕದ ಕುರುಬ ನೇಕಾರರು ಕೈಯಾರೆ ನೆಯ್ದ ಕಂಬಳಿ.”

ಯಾರು ನೆಯ್ದದ್ದು? ನಮ್ಮ ಕಡೆ ಕರಿಕಂಬಳಿ ನೇಯುವವರು ಬೆರಳೆಣಿಕೆಯಷ್ಟು, ಎಲ್ಲರೂ ನನಗೆ ಗೊತ್ತು. ಹಿರಿಯೂರಿನ ಕಡೆ, ಭರಮಸಾಗರದ ಕಡೆ ಫೋನ್ ಮಾಡಿದೆ. ಯಾರೂ ಕೊಟ್ಟಿಲ್ಲ. ಸಿಟ್ಟು ತಡೆಯಲಾಗಲಿಲ್ಲ. ಸಿಟ್ಟನ್ನು ಹಂಚಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ, ಶಾಂತಕ್ಕ ಪತ್ರಿಕೆ ನೋಡುವುದೇ ಇಲ್ಲ. ಕಾಲು ಹಟ್ಟಿಯ ಕಡೆ ಹೋಯಿತು. ಹೋಗಬೇಕೆಂದು ಹೋದದ್ದಲ್ಲ.

ಪಾಪಣ್ಣ ಕುರಿಯೊಂದರ ಗೊರಸು ನೋಡುತ್ತಿದ್ದ. ಮುದ್ದಕ್ಕ ಜಗುಲಿಯ ಮೇಲೆ ರಾಟೆಯ ಮುಂದೆ ಕೂತಿದ್ದಳು. ಬೀರೇಶನೂ ಅಲ್ಲೇ ಇದ್ದ, ಅವನ ಫೋನಿನಲ್ಲಿ ಇದೇ ಭೇಟಿಯ ವಿಡಿಯೋ ಓಡುತ್ತಿತ್ತು. ಯಾರೂ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಮುದ್ದಕ್ಕ ಫೋನು ಇಸಿದುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು. ಮೂರು ಸಲ ಹಾಕಿಸಿದಳು.

“ಇದು ನಮ್ ಕುರಿ ಅಲ್ಲ” ಎಂದಳು.

ಹೇಗೆ ಗೊತ್ತು ಎಂದೆ.

“ಹೆಂಗೆ ಬಿದ್ದೈತೆ ನೋಡು ಹೆಗಲ ಮ್ಯಾಲೆ. ಸೀರೆ ಬಿದ್ದಂಗೆ.”

ನೋಡಿದೆ. ನಿಜ. ನಮ್ಮ ಕಂಬಳಿಯ ಹಾಸುನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿರುತ್ತೇವೆ. ಹೊಸ ಕಂಬಳಿ ಹಲಗೆಯಂತೆ ನಿಲ್ಲುತ್ತದೆ. ಮೈಗೆ ಬಗ್ಗಬೇಕಾದರೆ ಒಂದು ಮಳೆಗಾಲ ಒಂದು ಚಳಿಗಾಲ ಕಳೆಯಬೇಕು. ಅಧ್ಯಕ್ಷರ ಹೆಗಲ ಮೇಲಿನದು ನೀರಿನಂತೆ ಇಳಿದಿದೆ. ಯಂತ್ರದ್ದು, ಅಂಗಡಿಯದು. ಬೀರೇಶ್ ವಿಡಿಯೋ ನಿಲ್ಲಿಸಿ ಅಂಚನ್ನು ದೊಡ್ಡದು ಮಾಡಿದ. ನಗರದ ಅಂಗಡಿಗಳಿಗೆ ಮೊನ್ನೆ ಸುಂಕವಿಲ್ಲದೆ ಬಂದಿಳಿದ ಸರಕಿನದೇ ಹೊಲಿಗೆ ಎಂದ. ಅಂದರೆ ಆ ದೇಶದ ಕಂಬಳಿಯನ್ನೇ ತಂದು ಆ ದೇಶದ ಅಧ್ಯಕ್ಷರಿಗೆ ನಮ್ಮ ಹೆಸರಿನಲ್ಲಿ ಹೊದಿಸಿದ್ದಾರೆ!

ಕೂಗಾಡಿದೆ. ಏನೇನೆಂದೆನೋ ನೆನಪಿಲ್ಲ. ಎಷ್ಟು ದೊಡ್ಡ ಮೋಸ, ಎಷ್ಟು ದೊಡ್ಡ ಸುಳ್ಳು, ಸಂಸತ್ತಿನಲ್ಲಿ ಕೇಳಿಸುತ್ತೇನೆ ಎಂದೆ. ಪಾಪಣ್ಣ ಕುರಿಯ ಕಾಲು ಬಿಟ್ಟು ಎದ್ದ.

“ಅವರು ಮೊದಲು ಬಂದಿದ್ದು ಯಾರತ್ರ, ಅಧ್ಯಕ್ಷರೆ?”

ಅಷ್ಟೇ ಅಂದ. ಮುದ್ದಕ್ಕ ಫೋನನ್ನು ಬೀರೇಶನಿಗೆ ಕೊಟ್ಟು, ನನ್ನನ್ನು ನೋಡದೆ ಮಾತಾಡಿದಳು.

“ನಂದು ಕೊಟ್ಟಿದ್ರೆ ಆ ಯಪ್ಪನ ಕುತ್ತಿಗೆ ಚುಚ್ತಿತ್ತು. ಚುಚ್ಚಿದ್ರೆ ಕೇಳ್ತಿದ್ದ, ಏನಿದು, ಯಾರು ಮಾಡಿದ್ದು ಅಂತ. ನಿಮ್ಮ ಪ್ರಧಾನಿ ಅಲ್ಲೇ ನಿಂತು ಹೇಳ್ಬೇಕಿತ್ತು. ಈಗ ಯಾರೂ ಏನೂ ಕೇಳಲ್ಲ. ಮೆತ್ತಗೈತಲ್ಲ.”

ರಾಟೆಯ ಪಕ್ಕದ ಬುಟ್ಟಿಯಲ್ಲಿ ಕರಿನೂಲಿನ ಉಂಡೆಗಳಿದ್ದವು. ಎಣಿಸಲಿಲ್ಲ. ಬುಟ್ಟಿ ತುಂಬಿತ್ತು.

ನವೆಂಬರ್ 27, ಗುರುವಾರ

ಪ್ರಧಾನಿಗೆ ಪತ್ರ ಬರೆದೆ. ಮೂರು ಪುಟ. ಅರವತ್ತೆರಡು, ಎಪ್ಪತ್ತೈದು, ಸುಂಕ, ಸುಳ್ಳು ಕಂಬಳಿ, ಎಲ್ಲ ಬಂದಿದೆ. ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಬರೆದಿಲ್ಲ. ಮುದ್ರೆ ಒತ್ತಲು ಸಂಘಕ್ಕೆ ಹೋದೆ. ಮುದ್ರೆ ಅಲ್ಲೇ ಇತ್ತು, ಶಾಯಿಯೂ ಇತ್ತು. ಯಾಕೋ ತೊಲೆಯ ಕಡೆ ನೋಡಿದೆ. ಕಂಬಳಿ ಮಡಿಸಿಟ್ಟ ಹಾಗೇ ಇತ್ತು. ಮಂಡಿ ನೋಯುತ್ತಿತ್ತು. ಮುದ್ರೆ ಒತ್ತದೆ ವಾಪಸು ಬಂದೆ.

ನವೆಂಬರ್ 28, ಶುಕ್ರವಾರ

ಬೀರೇಶನಿಗೆ ಫೋನ್ ಮಾಡಿ, ಭಾನುವಾರ ಕಂಬಳಿ ಹಾಸಬಹುದೇ ಎಂದು ಕೇಳಿದೆ. ಹಾಸಾಣ ಎಂದ.

ನವೆಂಬರ್ 30, ಭಾನುವಾರ

ನೆಲ ತಣ್ಣಗಿತ್ತು. ಗೋಡೆ ಬದಿಗೆ ಕೂತೆ. ಹತ್ತು ಮನೆಯವರು ಕಂಬಳಿಯ ಮೇಲೆ, ನಾನು ಆಚೆ. ಮುದ್ದಕ್ಕ ಕೊನೆಗೆ ಬಂದಳು, ಬುಟ್ಟಿ ಹೊತ್ತುಕೊಂಡು. ಅವಳು ಕೂತ ಮೇಲೆ ಮಾತು ಶುರುವಾಯಿತು.

ಮೊದಲು ನನ್ನ ವಿಷಯ. ಉಪನಿಯಮದ ಪುಸ್ತಕ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಪಕ್ಕೆಗೆ ಒತ್ತುತ್ತಿತ್ತು. ಏನು ಹೇಳುತ್ತೀರಿ ಎಂದು ಕೇಳಿದರು. ಸಿಟ್ಟು ಬಂದಿತ್ತು, ಈಗಲೂ ಇದೆ ಎಂದೆ. “ಸಿಟ್ಟು ನಮಗೂ ಐತೆ, ನಿಮಗೊಬ್ರಿಗೇನಾ?” ಎಂದರು ಯಾರೋ ಹಿಂದಿನಿಂದ. ಹೌದಲ್ಲ ಎನಿಸಿತು. ಇಷ್ಟು ದಿನ ನನಗೆ ಅದು ಹೊಳೆದಿರಲಿಲ್ಲ. ಹೊಳೆಯದಿದ್ದಕ್ಕೂ ಸಿಟ್ಟು ಬಂತು, ಯಾರ ಮೇಲೆಂದು ಬರೆಯುವುದಿಲ್ಲ.

ಆಮೇಲೆ ಮುಖ್ಯ ಮಾತು. ಎರಡು ಕಂಬಳಿ ನೇಯುವುದು. ಒಂದು ದೆಹಲಿಗೆ, ಒಂದು ಆ ದೇಶದ ಅಧ್ಯಕ್ಷರಿಗೆ. ನೂಲು ಮುದ್ದಕ್ಕನದು, ಉಣ್ಣೆ ಪಾಪಣ್ಣನದು, ಮಗ್ಗ ಬೀರೇಶನದು. ಗಂಜಿ ಎಂದಿಗಿಂತ ಗಟ್ಟಿ. ಅವುಗಳ ಜೊತೆಗೊಂದು ಕಾಗದ. ನನ್ನ ಮೂರು ಪುಟವನ್ನು ಓದಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ಮುಗಿದ ಮೇಲೆ ಮುದ್ದಕ್ಕ, ಬರಕೋ ಎಂದಳು. ಅವಳು ಹೇಳಿದಂತೆ ಬರೆದೆ:

“ಮೊನ್ನೆ ಹೊದಿಸಿದ ಕಂಬಳಿ ನಮ್ಮದಲ್ಲ. ಇದು ನಮ್ಮದು. ಚುಚ್ಚುತ್ತದೆ. ಇದನ್ನು ಹಾಸಿ, ಇಬ್ಬರೂ ಕೂತು, ಉಣ್ಣೆಯ ಮಾತು ಇನ್ನೊಂದು ಸಲ ಆಡಿರಿ. ಎರಡೂ ದೇಶದ ಕುರಿ ಕಾಯುವವರನ್ನು ಕರೆಯಿರಿ. ಎಲ್ಲರೂ ಬರುವವರೆಗೆ ಮಾತು ಶುರುಮಾಡಬೇಡಿರಿ.”

ಇಷ್ಟಕ್ಕೆ ದೆಹಲಿಯಲ್ಲಿ ಯಾರೂ ತಲೆ ಎತ್ತುವುದಿಲ್ಲ, ನನಗೆ ಗೊತ್ತು. ನಾಳೆ ಅಧಿವೇಶನ ಶುರು. ಅಲ್ಲಿ ಉಣ್ಣೆಯ ಮಾತೇ ಎತ್ತುವುದಿಲ್ಲ, ಅದೂ ಗೊತ್ತು. ಅರವತ್ತೆರಡರ ಬಗ್ಗೆ ಒಂದೇ ಒಂದು ಪ್ಯಾರಾ ಸೇರಿಸುವ ಆಸೆಯಿತ್ತು. ಸೇರಿಸಲೇ ಎಂದು ಕೇಳಿದೆ. ಹತ್ತು ಮನೆಯವರೂ ಬೇಡ ಎಂದರು. ಅವ್ವನ ಕಂಬಳಿಯ ವಿಷಯ ಎಂದೆ. ಅದು ನಮಗೆ ಗೊತ್ತೈತೆ, ಸಾಕು ಎಂದರು. ಸೇರಿಸಲಿಲ್ಲ.

ಸಹಿ ಹಾಕುವಾಗ ಪಾಪಣ್ಣ ಕಾಗದ ಹಿಡಿದುಕೊಂಡು ನನ್ನ ಕಡೆ ತಿರುಗಿದ. “ಲೇ ಮೂರ್ತಿ, ಅಲ್ಲಿಂದ ಕೈ ಎಟುಕಲ್ಲ. ಈ ಕಡೆ ಜರುಗು” ಎಂದ. ಜರುಗಿದೆ. ಹಳೆಯ ಕಂಬಳಿ, ಎಷ್ಟು ಜನ ಕೂತು ಎದ್ದಿದ್ದರೂ ಪಂಚೆಯ ಮೇಲಿಂದಲೇ ತೊಡೆಗೆ ಚುಚ್ಚಿತು.

ಸಹಿ ಮತ್ತು ಹೆಬ್ಬೆಟ್ಟು ಸೇರಿ ಹನ್ನೊಂದು. ಕಾಗದದ ಮುಂಬದಿಯಲ್ಲಿ ಹತ್ತಕ್ಕೇ ಜಾಗ ಮುಗಿಯಿತು. ನನ್ನದು ಹಿಂಬದಿಗೆ ಹೋಯಿತು.